ಓದುಗರ ಪ್ರಶ್ನೆ: ಅಟ್ಟ ಸೇರಿದ್ದ ಲೋಹಶೋಧಕ ಮತ್ತೆ ಕೆಳಗಿಳಿದಾಗ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಲೋಹಶೋಧನೆಯ ಹವ್ಯಾಸವನ್ನು ಕುರಿತವೇ ಹೆಚ್ಚು. ಬರೆದವರಲ್ಲಿ ಬಹುಪಾಲು ಜನ ಹೊಸಬರಲ್ಲ. ಹಿಂದೊಮ್ಮೆ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ, ಮೈದಾನ, ಕಡಲತೀರಗಳನ್ನು ಸುತ್ತಿ, ಆಮೇಲೆ ನೌಕರಿ, ಸಂಸಾರಗಳ ನಡುವೆ ಅದನ್ನು ಬದಿಗಿಟ್ಟು, ಈಗ ಬಿಡುವು ಸಿಕ್ಕಿದ್ದರೂ ಖರ್ಚಿನ ವಿಷಯದಲ್ಲಿ ಹತ್ತು ಸಲ ಯೋಚಿಸಬೇಕಾದ ಸ್ಥಿತಿಯಲ್ಲಿರುವವರು. ಮೊದಲ ಪತ್ರದ ಪ್ರಶ್ನೆಯೇ ಹಲವರ ಪ್ರಶ್ನೆಯೂ ಆಗಿರುವುದರಿಂದ ಅದಕ್ಕೆ ವಿವರವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ಸುಮಾರು ಹದಿನೈದು ವರ್ಷಗಳ ಹಿಂದೆ ನಾನು ವೈಟ್ಸ್ ಕಂಪನಿಯ ಡಿಟೆಕ್ಟರ್ ಬಳಸುತ್ತಿದ್ದೆ. ಈಗ ಪೆಟ್ಟಿಗೆ ತೆರೆದು ನೋಡಿದರೆ ಬ್ಯಾಟರಿ ಗೂಡಿನಲ್ಲಿ ಬಿಳಿಯ ಪುಡಿ ಕಟ್ಟಿಕೊಂಡಿದೆ. ಗುಂಡಿ ಒತ್ತಿದರೆ ಒಮ್ಮೆ ಜೀವ ಬರುತ್ತದೆ, ಇನ್ನೊಮ್ಮೆ ಇಲ್ಲ. "ಅದನ್ನು ಗುಜರಿಗೆ ಹಾಕಿ, ಈಗಿನ ಯಂತ್ರಗಳೇ ಬೇರೆ" ಎಂದು ಸ್ನೇಹಿತರು ಹೇಳುತ್ತಾರೆ. ಹೊಸದನ್ನು ಕೊಳ್ಳುವ ಅನುಕೂಲ ಸದ್ಯಕ್ಕಿಲ್ಲ. ಹಳೆಯದನ್ನೇ ನಂಬಿ ಮತ್ತೆ ಆರಂಭಿಸಬಹುದೇ?

ಉತ್ತರ: ಆರಂಭಿಸಬಹುದು. ಹವ್ಯಾಸಿಗಳು ಬಳಸುವ ಡಿಟೆಕ್ಟರುಗಳಲ್ಲಿ ಹೆಚ್ಚಿನವು ವಿಎಲ್‌ಎಫ್ ಬಗೆಯವು, ಅಂದರೆ ಬಹು ಕಡಿಮೆ ಆವರ್ತನದಲ್ಲಿ ಕೆಲಸ ಮಾಡುವಂಥವು. ಕೋಲಿನ ತುದಿಯಲ್ಲಿದ್ದು ನೆಲದ ಮೇಲೆ ಆಡಿಸುವ ತಟ್ಟೆಯಂಥ ಭಾಗವೇ ಕಾಯಿಲ್. ಅದರೊಳಗಿನ ಒಂದು ತಂತಿ ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲದೊಳಕ್ಕೆ ಬಿಡುತ್ತದೆ. ಅದು ಲೋಹವನ್ನು ತಾಗಿದಾಗ ಲೋಹದೊಳಗೆ ಸಣ್ಣ ಸುಳಿ ಪ್ರವಾಹಗಳು ಹುಟ್ಟುತ್ತವೆ, ಆ ಪ್ರವಾಹಗಳಿಂದ ಹೊಮ್ಮುವ ದುರ್ಬಲ ಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿದು ಸದ್ದಾಗಿಸುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಹುದುಗಿದ್ದ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂದ ಉಪಕರಣವೂ ಇದೇ ತತ್ತ್ವದ್ದಾಗಿತ್ತು (ಗುಂಡು ಸಿಗಲಿಲ್ಲ ಎಂಬುದು ಬೇರೆ ಮಾತು). ಹದಿನೈದು ವರ್ಷಗಳಲ್ಲಿ ಈ ತತ್ತ್ವ ಬದಲಾಗಿಲ್ಲ. ಮರಳಿ ಬಂದ ಸಂಕೇತವನ್ನು ಯಂತ್ರ ಎಷ್ಟು ಚುರುಕಾಗಿ ವಿಂಗಡಿಸುತ್ತದೆ, ಒಂದೇ ಆವರ್ತನದಲ್ಲಿ ದುಡಿಯುತ್ತದೆಯೋ ಏಕಕಾಲಕ್ಕೆ ಹಲವು ಆವರ್ತನಗಳಲ್ಲಿ ದುಡಿಯುತ್ತದೆಯೋ ಎಂಬುದಷ್ಟೇ ಬದಲಾಗಿರುವುದು.

ಹೊಸ ಯಂತ್ರ ಕೊಂಡರೆ ಹಳೆಯದಕ್ಕಿಂತ ಎರಡು ಪಟ್ಟು ಆಳಕ್ಕೆ ಹೋಗುತ್ತದೆಂಬ ನಂಬಿಕೆ ಹಲವರಲ್ಲಿದೆ. ಕಾಯಿಲಿನಿಂದ ಹೊರಟ ಕ್ಷೇತ್ರ ದೂರ ಹೋದಂತೆ ಬಲುಬೇಗ ಕ್ಷೀಣಿಸುತ್ತದೆ, ನಾಣ್ಯದಿಂದ ಮರಳುವ ಕ್ಷೇತ್ರವೂ ಬರುವ ದಾರಿಯಲ್ಲಿ ಅಷ್ಟೇ ಬೇಗ ಕ್ಷೀಣಿಸುತ್ತದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ಕಾಯಿಲಿನ ಗಾತ್ರಕ್ಕಿಂತ ಹೆಚ್ಚು ಆಳದಲ್ಲಿರುವ ಸಣ್ಣ ವಸ್ತುವಿನ ದೂರ ಇಮ್ಮಡಿಯಾದಾಗ ಸಂಕೇತ ಸರಿಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಾಧಾರಣ ನಾಣ್ಯವೊಂದನ್ನು ಒಳ್ಳೆಯ ವಿಎಲ್‌ಎಫ್ ಯಂತ್ರಗಳು ಗುರುತಿಸುವುದು 15ರಿಂದ 25 ಸೆಂಟಿಮೀಟರ್ ಆಳದವರೆಗೆ; ಎಷ್ಟೇ ಹಣ ಸುರಿದರೂ ಈ ಮಿತಿ ಜಗ್ಗುವುದು ಸ್ವಲ್ಪವೇ. ಆದ್ದರಿಂದ ಕಡಿಮೆ ಹಣದಲ್ಲಿ ಮರಳುವವರು ಖರ್ಚನ್ನು ಯಂತ್ರದಿಂದ ಆರಂಭಿಸದೆ, ಜಾಗದ ಆಯ್ಕೆ ಮತ್ತು ಕಿವಿಯ ಅಭ್ಯಾಸದಿಂದ ಆರಂಭಿಸಿ ಯಂತ್ರವನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸೆಂಬುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ಬ್ಯಾಟರಿ ಗೂಡಿನ ವಿಚಾರ. ಅಲ್ಲಿ ಕಟ್ಟಿರುವ ಬಿಳಿ ಪುಡಿ ಆಲ್ಕಲೈನ್ ಬ್ಯಾಟರಿಯಿಂದ ಸೋರಿದ ಕ್ಷಾರ ಒಣಗಿ ಆದದ್ದು. ಕೈಗವಸು ಹಾಕಿಕೊಂಡು, ಹಳೆಯ ಬ್ಯಾಟರಿಗಳನ್ನು ತೆಗೆದು, ಒಣ ಬ್ರಷ್ಷಿನಿಂದ ಪುಡಿಯನ್ನು ಕೆಳಮುಖವಾಗಿ ಉದುರಿಸಿ. ಅನಂತರ ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರಿನಲ್ಲಿ ತುಸುವೇ ನೆನೆಸಿ ಲೋಹದ ಪಟ್ಟಿಗಳನ್ನೂ ಸ್ಪ್ರಿಂಗುಗಳನ್ನೂ ಒರೆಸಿ. ಉಳಿದ ಕ್ಷಾರವಿದ್ದರೆ ಸಣ್ಣಗೆ ನೊರೆ ಬರುತ್ತದೆ. ನೊರೆ ನಿಂತ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಮತ್ತೊಮ್ಮೆ ಒರೆಸಿ, ಪೂರ್ತಿ ಒಣಗುವವರೆಗೆ ಕಾಯಿರಿ. ಪಟ್ಟಿಯ ಹೊಳಪು ಮರಳದೆ ಹಸಿರು ಕಿಲುಬು ಉಳಿದಿದ್ದರೆ ನುಣುಪಾದ ಮರಳು ಕಾಗದದಿಂದ ಒಂದೆರಡು ಸಲ ಉಜ್ಜಿದರೆ ಸಾಕು. ಲೇಪ ಕಿತ್ತುಹೋಗುವಷ್ಟು ತಿಕ್ಕಬೇಡಿ. ಯಂತ್ರ ಒಮ್ಮೆ ಎದ್ದು ಒಮ್ಮೆ ಏಳದಿರುವುದಕ್ಕೆ ಈ ಕಿಲುಬೇ ಕಾರಣವಾಗಿರುವ ಸಂಭವ ಹೆಚ್ಚು, ಮಾತ್ರವಲ್ಲ ಇದು ಕಾಸು ಖರ್ಚಿಲ್ಲದೆ ಸರಿಪಡುವ ದೋಷ.

ಹೊಸ ಬ್ಯಾಟರಿ ಹಾಕಿದ ಬಳಿಕ ಕಾಯಿಲಿನ ಕೇಬಲ್ಲನ್ನು ಪರೀಕ್ಷಿಸಿ. ಕೋಲಿನ ಉದ್ದಕ್ಕೂ ಅದು ಬಿಗಿಯಾಗಿ ಸುತ್ತಿಕೊಂಡಿರಬೇಕು. ಸಡಿಲವಾಗಿ ಅಲ್ಲಾಡುವ ಕೇಬಲ್ ಇಲ್ಲದ ಲೋಹವನ್ನು ಇದೆಯೆಂದು ಕೂಗಿಸುತ್ತದೆ. ಲೋಹವಿಲ್ಲದ ಜಾಗದಲ್ಲಿ ಯಂತ್ರವನ್ನು ಸ್ಥಿರವಾಗಿ ಹಿಡಿದು, ಬೆರಳ ತುದಿಯಿಂದ ಕಾಯಿಲಿನ ಅಂಚನ್ನು ಮೆಲ್ಲಗೆ ತಟ್ಟಿ, ಆಮೇಲೆ ಕೇಬಲ್ಲು ಕಾಯಿಲಿನೊಳಕ್ಕೆ ಸೇರುವ ತುದಿಯನ್ನೂ ಯಂತ್ರದ ನಿಯಂತ್ರಣ ಪೆಟ್ಟಿಗೆಗೆ ಸೇರುವ ತುದಿಯನ್ನೂ ಸ್ವಲ್ಪ ಬಾಗಿಸಿ ನೋಡಿ. ಈ ಸಮಯದಲ್ಲಿ ಯಂತ್ರ ಕಿರಿಚಿದರೆ ಒಳಗೆ ತಂತಿ ಮುರಿದಿದೆಯೆಂದೋ ಕಾಯಿಲಿನೊಳಗೆ ನೀರು ಇಳಿದಿದೆಯೆಂದೋ ತಿಳಿಯಬಹುದು. ನಿಮ್ಮ ವಿಷಯದಲ್ಲಿ ಕಾಯಿಲ್ ಬದಲಿಸುವುದು ತುಸು ಕಷ್ಟದ ಮಾತು, ಏಕೆಂದರೆ ಅಮೆರಿಕದ ಓರೆಗಾನ್ ರಾಜ್ಯದ ಸ್ವೀಟ್ ಹೋಮ್ ಎಂಬಲ್ಲಿದ್ದ ವೈಟ್ಸ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 2020ರಲ್ಲಿ ಬಾಗಿಲು ಮುಚ್ಚಿತು, ಅದರ ವಿನ್ಯಾಸಗಳು ಡಿಟೆಕ್ಟರುಗಳನ್ನೇ ತಯಾರಿಸುವ ಗ್ಯಾರೆಟ್ ಸಂಸ್ಥೆಯ ಪಾಲಾದವು. ಹೀಗಾಗಿ ಕಾಯಿಲ್ ಕೆಟ್ಟಿದ್ದರೆ ಯಾರಾದರೂ ಬಳಸಿ ಬಿಟ್ಟದ್ದನ್ನು ಹುಡುಕಬೇಕಾಗುತ್ತದೆ; ಅದಕ್ಕೆ ತಗಲುವ ವೆಚ್ಚ ಬಳಸಿದ ಇನ್ನೊಂದು ಪೂರ್ಣ ಯಂತ್ರದ ಬೆಲೆಯ ಅರ್ಧವನ್ನು ದಾಟುವುದಾದರೆ ರಿಪೇರಿಯ ಆಸೆ ಬಿಡುವುದೇ ವಿವೇಕ.

ಕಾಯಿಲ್ ಚೆನ್ನಾಗಿದ್ದಲ್ಲಿ ಹಿತ್ತಲ ಮೂಲೆಯೊಂದನ್ನು ಅಭ್ಯಾಸಕ್ಕೆ ಮಾಡಿಕೊಳ್ಳಿ. ಮೊದಲು ಅಲ್ಲಿರುವ ಮೊಳೆ, ತಂತಿಗಳನ್ನೆಲ್ಲ ಆರಿಸಿ ತೆಗೆದು, ಒಂದೊಂದು ಮಾರು ದೂರಕ್ಕೆ ಒಂದು ತಾಮ್ರದ ನಾಣ್ಯ, ಒಂದು ಬೆಳ್ಳಿಯ ಚೂರು, ಒಂದು ತುಕ್ಕು ಹಿಡಿದ ಮೊಳೆ, ಪಾನೀಯದ ಡಬ್ಬಿಯ ಒಂದು ಕೊಂಡಿ ಇವುಗಳನ್ನು 5, 10, 15 ಸೆಂಟಿಮೀಟರ್ ಆಳಗಳಲ್ಲಿ ಹೂತು, ಎಲ್ಲಿ ಏನಿದೆಯೆಂದು ಕಾಗದದಲ್ಲಿ ಗುರುತಿಸಿಡಿ. ಒಂದು ವಾರ ಪ್ರತಿದಿನ ಕಾಲು ಗಂಟೆ ಅದರ ಮೇಲೆ ಯಂತ್ರವಾಡಿಸಿದರೆ, ಇಷ್ಟು ವರ್ಷಗಳಲ್ಲಿ ಕಿವಿ ಮರೆತದ್ದು ಮರಳಿ ಬರುತ್ತದೆ. ಕಾಯಿಲನ್ನು ಗಡಿಯಾರದ ಲೋಲಕದಂತೆ ತೂಗುವುದು ಬಿಡುವು ಕೊಟ್ಟು ಮರಳಿದವರೆಲ್ಲರ ಚಾಳಿ; ಹಾಗೆ ತೂಗಿದಾಗ ಎರಡೂ ತುದಿಗಳಲ್ಲಿ ಅದು ನೆಲದಿಂದ ಗೇಣುದ್ದ ಮೇಲೇಳುತ್ತದೆ, ಅಲ್ಲಿರುವ ನಾಣ್ಯಗಳೆಲ್ಲ ತಪ್ಪಿಹೋಗುತ್ತವೆ. ಕಾಯಿಲ್ ಉದ್ದಕ್ಕೂ ನೆಲಕ್ಕೆ ಸಮಾನಾಂತರವಾಗಿ, ಹುಲ್ಲನ್ನು ಸವರುವಷ್ಟು ಕೆಳಗೆ ಚಲಿಸಬೇಕು. ಹಿಂದಿನ ಬೀಸು ಹಾದುಹೋದ ಪಟ್ಟಿಯ ಅರ್ಧದಷ್ಟನ್ನಾದರೂ ಮುಂದಿನ ಬೀಸು ಮತ್ತೆ ಮುಚ್ಚಬೇಕು.

ಒದ್ದೆಯಾದ ಉಪ್ಪು ಮರಳಿನಲ್ಲಿಯೂ ಕಬ್ಬಿಣದ ಆಕ್ಸೈಡು ತುಂಬಿದ ಕೆಂಪು ನೆಲದಲ್ಲಿಯೂ ಹಳೆಯ ಏಕ ಆವರ್ತನದ ಯಂತ್ರ ತಡವರಿಸುವುದು ನಿಜ. ಅಂಥ ಜಾಗಗಳೇ ನಿಮ್ಮ ಮುಖ್ಯ ಕ್ಷೇತ್ರವಾಗಿದ್ದರೆ ಮಾತ್ರ ಹೊಸ ಯಂತ್ರಕ್ಕಾಗಿ ಹಣ ಕೂಡಿಡತೊಡಗಿ. ಒಂದು ಕಾಲದಲ್ಲಿ ದುಬಾರಿ ಯಂತ್ರಗಳಿಗಷ್ಟೇ ಮೀಸಲಾಗಿದ್ದ ಬಹು ಆವರ್ತನದ ತಂತ್ರ ಮೈನ್‌ಲ್ಯಾಬ್ ಸಂಸ್ಥೆಯ ವ್ಯಾಂಕ್ವಿಶ್ ಸರಣಿಯ ಮೂಲಕ ಕೆಳ ದರ್ಜೆಯ ಬೆಲೆಗೂ ಇಳಿದಿದೆ. ನೋಕ್ಟಾ ಸಂಸ್ಥೆಯ ಸಿಂಪ್ಲೆಕ್ಸ್ ಪ್ಲಸ್ 12 ಕಿಲೋಹರ್ಟ್ಸಿನ ಏಕ ಆವರ್ತನದ್ದಾದರೂ 3 ಮೀಟರ್ ಆಳದ ನೀರಿನಲ್ಲಿ ಮುಳುಗಿಸಬಹುದಾದದ್ದು. ಇಂಥವು ಬಳಸಿದ ಸ್ಥಿತಿಯಲ್ಲಿಯೂ ಸಿಗುತ್ತವೆ.

ಪ್ರಶ್ನೆ: ಬಳಸಿದ ಯಂತ್ರವನ್ನು ಕೊಳ್ಳುವಾಗ ಏನೇನು ನೋಡಬೇಕು? ಬಹಳ ಅಗ್ಗಕ್ಕೆ ಒಂದು ಸಿಗುತ್ತಿದೆ, ಆದರೆ ಮಾರುವವರು ಪೆಟ್ಟಿಗೆಯನ್ನು ತೆರೆಯಲು ಬಿಡುತ್ತಿಲ್ಲ.

ಉತ್ತರ: ಪೆಟ್ಟಿಗೆ ತೆರೆಯಲು ಬಿಡದವರಲ್ಲಿ ಕೊಳ್ಳಬೇಡಿ. ಗ್ಯಾರೆಟ್, ಮೈನ್‌ಲ್ಯಾಬ್ ಮುಂತಾದ ಹೆಸರಾಂತ ಸಂಸ್ಥೆಗಳ ಯಂತ್ರಗಳಿಗೆ ಥೇಟು ಹಾಗೆಯೇ ಕಾಣುವ ನಕಲಿಗಳು ಮಾರುಕಟ್ಟೆಯಲ್ಲಿವೆ, ಬಣ್ಣ, ಅಕ್ಷರ, ರಟ್ಟಿನ ಪೆಟ್ಟಿಗೆ ಎಲ್ಲವೂ ಅಸಲಿನಂತೆಯೇ ಇರುತ್ತವೆ. ಕ್ರಮಸಂಖ್ಯೆಯನ್ನು ಬರೆದುಕೊಂಡು ತಯಾರಕರಲ್ಲಿಯೇ ವಿಚಾರಿಸುವುದು ಖಚಿತವಾದ ದಾರಿ; ಸಂಖ್ಯೆಯನ್ನು ಕೆರೆದಿದ್ದರೆ ಅಥವಾ ಅದರ ಚೀಟಿಯೇ ಇಲ್ಲದಿದ್ದರೆ ವಿಚಾರಣೆಯ ಅಗತ್ಯವೂ ಇಲ್ಲ, ಎದ್ದು ಬನ್ನಿ.

ಭೇಟಿಯ ದಿನ ನಿಮ್ಮದೇ ಹೊಸ ಬ್ಯಾಟರಿಗಳನ್ನೂ, ಪರಿಚಿತವಾದ ಎರಡು ನಾಣ್ಯ ಹಾಗೂ ಒಂದು ಮೊಳೆಯನ್ನೂ ಒಯ್ಯಿರಿ. ಮನೆಯೊಳಗೆ ಪರೀಕ್ಷಿಸಬೇಡಿ, ಗೋಡೆಯ ವಿದ್ಯುತ್ ತಂತಿ, ನೆಲದ ಕಬ್ಬಿಣದ ಸರಳು, ಜೇಬಿನ ಮೊಬೈಲ್ ಎಲ್ಲವೂ ಸೇರಿ ಒಳ್ಳೆಯ ಯಂತ್ರವನ್ನೂ ಹುಚ್ಚಾಡಿಸುತ್ತವೆ. ಹೊರಗೆ ಬಯಲಿನಲ್ಲಿ ನಾಣ್ಯವನ್ನು ಕಾಯಿಲಿನ ಮುಂದೆ ಹಲವು ಸಲ ಆಡಿಸಿದಾಗ ಪ್ರತಿಸಲವೂ ಯಂತ್ರದ ಪರದೆಯಲ್ಲಿ ಹತ್ತಿರ ಹತ್ತಿರ ಒಂದೇ ಅಂಕಿ, ಒಂದೇ ಸದ್ದು ಬರಬೇಕು. ಕಾಯಿಲಿನ ಮೇಲಣ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಸಿ ನೋಡಿ, ಸೀಳು ಇದ್ದರೆ ಅಲ್ಲಿಯೇ ಕಾಣುತ್ತದೆ. ಆ ಹೊದಿಕೆಯೊಳಗೆ ಕಬ್ಬಿಣದ ಅಂಶವುಳ್ಳ ಮರಳು ಸೇರಿಕೊಂಡು ಸುಳ್ಳು ಸದ್ದು ಕೊಡುವುದೂ ಉಂಟು, ಆದ್ದರಿಂದ ಸದ್ದು ಮಾಡುತ್ತದೆಂಬ ಕಾರಣಕ್ಕೆ ಒಳ್ಳೆಯ ಕಾಯಿಲನ್ನು ಬಿಟ್ಟುಬರುವ ಮೊದಲು ಹೊದಿಕೆಯನ್ನು ತೊಳೆದು ನೋಡಿರಿ. ಯಂತ್ರ ನೀರಿಗೆ ಇಳಿಯುವಂಥದ್ದಾದರೆ ಚಾರ್ಜಿಂಗ್ ತೂತಿನ ರಬ್ಬರಿನ ಬಿರಡೆಯನ್ನೂ ಒಳಗಿನ ಲೋಹವನ್ನೂ ವಿಶೇಷವಾಗಿ ಗಮನಿಸಿ. ಅಲ್ಲಿ ಹಸಿರು ಕಂಡರೆ ಉಪ್ಪುನೀರು ಒಳಹೊಕ್ಕಿದೆ ಎಂದರ್ಥ.

ಪ್ರಶ್ನೆ: ಪಿನ್‌ಪಾಯಿಂಟರ್, ಹೆಡ್‌ಫೋನ್, ಅಗೆಯುವ ಸಲಕರಣೆ ಈ ಮೂರರಲ್ಲಿ ಒಂದನ್ನು ಮಾತ್ರ ಕೊಳ್ಳಬಲ್ಲೆ. ಯಾವುದು?

ಉತ್ತರ: ಅಗೆಯುವ ಸಲಕರಣೆ. ಗಟ್ಟಿ ನೆಲದಲ್ಲಿ ತೋಟದ ಹಗುರ ಕರಣೆ ಮೊದಲ ದಿನವೇ ಬಾಗುತ್ತದೆ; ಬದಿಯಲ್ಲಿ ಹರಿತವಿರುವ, ಹಿಡಿ ಮತ್ತು ಅಲಗು ಒಂದೇ ಉಕ್ಕಿನದಾಗಿರುವ ಚಿಕ್ಕ ಗುದ್ದಲಿಯೊಂದು ವರ್ಷಗಟ್ಟಲೆ ಬಾಳುತ್ತದೆ. ಹೆಡ್‌ಫೋನ್ ಮನೆಯಲ್ಲಿ ಹಳೆಯದು ಇದ್ದೇ ಇರುತ್ತದೆ. ಹಳೆಯ ಡಿಟೆಕ್ಟರುಗಳಲ್ಲಿ ಹೆಡ್‌ಫೋನ್ ಸಿಕ್ಕಿಸುವ ತೂತು 6.35 ಮಿಲಿಮೀಟರಿನದು, ಇಂದಿನ ಹೆಡ್‌ಫೋನುಗಳ ಪಿನ್ನು 3.5, ನಡುವೆ ಸಿಕ್ಕಿಸುವ ಅಡಾಪ್ಟರ್ ಅತ್ಯಲ್ಪ ಬೆಲೆಗೆ ದೊರೆಯುತ್ತದೆ. ಸ್ಪೀಕರಿಗಿಂತ ಹೆಡ್‌ಫೋನ್ ಬಳಸಿದರೆ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ, ಗಾಳಿಯಲ್ಲಿ ಕರಗಿಹೋಗುವ ಕ್ಷೀಣ ಸದ್ದೂ ಕೇಳಿಸುತ್ತದೆ.

ಪಿನ್‌ಪಾಯಿಂಟರ್ ಎಂಬುದು ಅಗೆದ ಗುಂಡಿಯೊಳಗೆ ವಸ್ತು ಇರುವ ನಿಖರ ಜಾಗವನ್ನು ತೋರಿಸುವ, ಕೈಯಲ್ಲಿ ಹಿಡಿಯುವ ಪುಟ್ಟ ಶೋಧಕ. ಸಮಯ ಉಳಿಸುತ್ತದೆ, ನಿಜ. ಆದರೆ ಅದಿಲ್ಲದೆಯೂ ಕೆಲಸ ನಡೆಯುತ್ತದೆ. ಸದ್ದು ಬಂದ ಕಡೆ ಎಡದಿಂದ ಬಲಕ್ಕೊಮ್ಮೆ, ಆಮೇಲೆ ತೊಂಬತ್ತು ಡಿಗ್ರಿ ತಿರುಗಿ ನಿಂತು ಮತ್ತೊಮ್ಮೆ ಬೀಸಿ, ಎರಡೂ ಗೆರೆಗಳು ಕೂಡುವ ಜಾಗವನ್ನು ಕಣ್ಣಲ್ಲಿ ಗುರುತಿಸಿಕೊಳ್ಳಿ. ಅಗೆದ ಮಣ್ಣನ್ನು ಹಿಡಿ ಹಿಡಿಯಾಗಿ ತೆಗೆದು ಕಾಯಿಲಿನ ಮೇಲೆ ಹಾಯಿಸಿದರೆ ಯಾವ ಹಿಡಿಯಲ್ಲಿ ನಾಣ್ಯವಿದೆಯೆಂದು ಯಂತ್ರವೇ ಹೇಳುತ್ತದೆ (ಕೈಯಲ್ಲಿ ಉಂಗುರ, ಗಡಿಯಾರ ಇರಬಾರದಷ್ಟೆ).

ಪ್ರಶ್ನೆ: ಮತ್ತೆ ಶುರುಮಾಡಿ ಒಂದು ತಿಂಗಳಾಯಿತು. ಸಿಕ್ಕಿದ್ದೆಲ್ಲ ಬಾಟಲಿ ಮುಚ್ಚಳ, ಸಿಗರೇಟು ಪೊಟ್ಟಣದ ಹಾಳೆ, ಡಬ್ಬಿಯ ಕೊಂಡಿಗಳು. ಕಸವನ್ನು ಬಿಟ್ಟು ಚಿನ್ನವನ್ನು ಮಾತ್ರ ತೋರಿಸುವಂತೆ ಡಿಸ್ಕ್ರಿಮಿನೇಷನ್ (ಬೇಡದ ಲೋಹಗಳ ಸದ್ದನ್ನು ಅಡಗಿಸುವ ಸೌಲಭ್ಯ) ಹೊಂದಿಸುವುದು ಹೇಗೆ?

ಉತ್ತರ: ಹಾಗೆ ಹೊಂದಿಸಲು ಸಾಧ್ಯವಿಲ್ಲ. ಡಿಟೆಕ್ಟರಿಗೆ ಲೋಹದ ಹೆಸರು ಗೊತ್ತಿರುವುದಿಲ್ಲ. ಕಳುಹಿಸಿದ ಅಲೆಗೂ ಮರಳಿದ ಅಲೆಗೂ ನಡುವೆ ಎಷ್ಟು ವಿಳಂಬವಾಯಿತು ಎಂಬುದನ್ನಷ್ಟೇ ಅದು ಅಳೆಯುತ್ತದೆ. ಆ ವಿಳಂಬ ವಸ್ತುವಿನ ವಾಹಕತೆ, ಗಾತ್ರ, ದಪ್ಪ, ಆಕಾರಗಳೆಲ್ಲವನ್ನೂ ಅವಲಂಬಿಸಿರುತ್ತದೆ. ಅಂಕಿ ತೋರಿಸುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಬ್ಬಿಣ ಕೆಳಗೆ ಬರುತ್ತದೆ, ಅದರ ಮೇಲೆ ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಡಬ್ಬಿಯ ಕೊಂಡಿ, ಮೇಲ್ತುದಿಯಲ್ಲಿ ತಾಮ್ರ ಮತ್ತು ಬೆಳ್ಳಿಯ ದಪ್ಪ ನಾಣ್ಯಗಳು. ಚಿನ್ನದ ಉಂಗುರಗಳು ತಮ್ಮ ತೂಕ, ಅಗಲ, ಬೆರಕೆಗಳಿಗೆ ಅನುಗುಣವಾಗಿ ಹಾಳೆಯಿಂದ ಕೊಂಡಿಯವರೆಗಿನ ಆ ಇಡೀ ನಡುಭಾಗದಲ್ಲಿ ಚದುರಿಕೊಂಡಿರುತ್ತವೆ. ಕೊಂಡಿಗಳ ಸದ್ದನ್ನು ಅಡಗಿಸಿದಿರೆಂದರೆ ಅದೇ ಅಂಕಿಯ ಉಂಗುರಗಳನ್ನೂ ಅಡಗಿಸಿದಂತಾಯಿತು. ತೆಳುವಾದ ಚಿನ್ನದ ಸರವಂತೂ ಇನ್ನೂ ಕಷ್ಟ. ಅದರ ಒಂದೊಂದು ಕೊಂಡಿಯೂ ಯಂತ್ರಕ್ಕೆ ಬೇರೆ ಬೇರೆ ಚೂರಾಗಿ ಕಾಣುವುದರಿಂದ ಒಟ್ಟು ತೂಕ ಎಷ್ಟಿದ್ದರೂ ಸದ್ದು ಸಣ್ಣದೇ.

ಉಕ್ಕಿನ ಬಾಟಲಿ ಮುಚ್ಚಳ ಕಬ್ಬಿಣದ ಸಾಲಿನಲ್ಲಿ ಬರಬೇಕಾದದ್ದು ಒಳ್ಳೆಯ ನಾಣ್ಯದಂತೆ ನಟಿಸುವುದನ್ನು ನೀವು ಕಂಡಿರಬೇಕು. ಇದನ್ನು ಪತ್ತೆ ಹಚ್ಚಲು ಕಾಯಿಲನ್ನು ಅದರ ಮೇಲಿಂದ ನಿಧಾನವಾಗಿ ಹಿಂದಕ್ಕೆ ಎಳೆಯುತ್ತ ಬನ್ನಿ. ನಾಣ್ಯದ ಸದ್ದು ಮೆಲ್ಲನೆ ಅಡಗುತ್ತದೆ, ಮುಚ್ಚಳದ ಸದ್ದು ಅಂಚಿಗೆ ಬಂದಾಗ ಒಡೆದು ಕಬ್ಬಿಣದ ಗೊಗ್ಗರು ದನಿಗೆ ಇಳಿಯುತ್ತದೆ. ಬಾಗಿದ ತುಕ್ಕು ಮೊಳೆಯ ವಿಷಯದಲ್ಲಿ ತಿರುಗಿ ನಿಂತು ಬೀಸುವ ಉಪಾಯ ಸಾಕು. ಒಂದು ದಿಕ್ಕಿನಿಂದ ಇಂಪಾಗಿ ಕೇಳಿದ್ದು ಇನ್ನೊಂದು ದಿಕ್ಕಿನಿಂದ ಮಾಯವಾದರೆ ಅದು ಬಹುಮಟ್ಟಿಗೆ ಮೊಳೆಯೇ. ಎರಡೂ ದಿಕ್ಕಿನಿಂದ ಒಂದೇ ಅಂಕಿ, ದುಂಡಾದ ಸದ್ದು ಬಂದದ್ದನ್ನು ಮಾತ್ರ ಅಗೆಯುವ ನಿಯಮ ಇಟ್ಟುಕೊಂಡರೆ ನಾಣ್ಯ ಹುಡುಕುವವರಿಗೆ ಬೆನ್ನು ಉಳಿಯುತ್ತದೆ. ಉಂಗುರ ಬೇಕೆನ್ನುವವರು ನಡುಭಾಗದ ಕಸವನ್ನೆಲ್ಲ ಅಗೆಯಲೇಬೇಕು, ಬೇರೆ ದಾರಿಯಿಲ್ಲ.

ಕಸ ಹೆಚ್ಚಿರುವ ಜಾಗಕ್ಕೆ ದೊಡ್ಡ ಕಾಯಿಲ್ ಒಯ್ಯಬೇಡಿ. ದೊಡ್ಡದು ಸ್ವಲ್ಪ ಹೆಚ್ಚು ಆಳ ಕೊಡುತ್ತದೆಯಾದರೂ ಅದರ ಕೆಳಗೆ ಏಕಕಾಲಕ್ಕೆ ಮೊಳೆಯೂ ನಾಣ್ಯವೂ ಬಂದಾಗ ಮೊಳೆಯ ಸಂಕೇತ ನಾಣ್ಯವನ್ನು ಮುಚ್ಚಿಹಾಕುತ್ತದೆ. ಅಂಗೈ ಅಗಲದ ಸಣ್ಣ ಕಾಯಿಲು ಎರಡನ್ನೂ ಬೇರೆ ಬೇರೆಯಾಗಿ ತೋರುತ್ತದೆ. ಹಣವಿದ್ದು ಒಂದು ಹೆಚ್ಚುವರಿ ವಸ್ತು ಕೊಳ್ಳುವುದಾದರೆ ಬೇರೊಂದು ಡಿಟೆಕ್ಟರಿಗಿಂತ ಇರುವ ಯಂತ್ರಕ್ಕೆ ಹೊಂದುವ ಸಣ್ಣ ಕಾಯಿಲನ್ನು ಕೊಳ್ಳುವುದು ಮೇಲು. ಹಾಗೆಯೇ ಸೆನ್ಸಿಟಿವಿಟಿಯನ್ನು (ಯಂತ್ರ ಎಷ್ಟು ಕ್ಷೀಣ ಸಂಕೇತಕ್ಕೆ ಸ್ಪಂದಿಸಬೇಕೆಂಬ ಮಟ್ಟವನ್ನು) ತುದಿಗೇರಿಸಿ ಇಡುವ ಅಭ್ಯಾಸವನ್ನೂ ಬಿಡಿ. ಯಂತ್ರ ಸುಮ್ಮನೆ ಚಿಲಿಪಿಲಿಗುಟ್ಟುತ್ತಿದ್ದರೆ ನೆಲದ ಖನಿಜಕ್ಕೋ ಹತ್ತಿರದ ವಿದ್ಯುತ್ ತಂತಿಗೋ ಅದು ಉತ್ತರಿಸುತ್ತಿದೆ. ಮೊದಲು ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ನೆಲದ ಖನಿಜಕ್ಕೆ ಸದ್ದು ಮಾಡದಂತೆ ಯಂತ್ರವನ್ನು ಹೊಂದಿಸಿ, ಆಮೇಲೆ ಸದ್ದು ಅಡಗುವವರೆಗೆ ಸೆನ್ಸಿಟಿವಿಟಿಯನ್ನು ಇಳಿಸಿ. ಶಾಂತವಾದ ಯಂತ್ರದಲ್ಲಿ ಕೇಳಿಸುವ ಆಳದ ನಾಣ್ಯ ಗದ್ದಲದ ಯಂತ್ರದಲ್ಲಿ ಕೇಳಿಸುವುದಿಲ್ಲ.

ಪ್ರಶ್ನೆ: ಹಿಂದೆ ನಾವು ಯಾರನ್ನೂ ಕೇಳದೆ ಎಲ್ಲೆಂದರಲ್ಲಿ ಹುಡುಕುತ್ತಿದ್ದೆವು. ಈಗ ಅನುಮತಿ ಬೇಕೆನ್ನುತ್ತಾರೆ. ಎಲ್ಲಿ ಹುಡುಕಬಹುದು, ಏನಾದರೂ ಬೆಲೆಬಾಳುವಂಥದ್ದು ಸಿಕ್ಕರೆ ಏನು ಮಾಡಬೇಕು?

ಉತ್ತರ: ಅನುಮತಿ ಹಿಂದೆಯೂ ಬೇಕಾಗಿತ್ತು. ಖಾಸಗಿ ಭೂಮಿಯಾದರೆ ಒಡೆಯರ ಒಪ್ಪಿಗೆಯನ್ನು ಬರೆಹದಲ್ಲಿ ಪಡೆಯಿರಿ, ಸಿಕ್ಕಿದ್ದರಲ್ಲಿ ಯಾರಿಗೆ ಎಷ್ಟು ಪಾಲು ಎಂಬುದನ್ನೂ ಅದರಲ್ಲಿಯೇ ಬರೆಸಿಕೊಳ್ಳಿ. ಸಾರ್ವಜನಿಕ ಉದ್ಯಾನ, ಕಡಲತೀರಗಳಿಗೆ ಅವುಗಳ ಉಸ್ತುವಾರಿ ಹೊತ್ತ ಕಚೇರಿಯನ್ನು ಕೇಳಬೇಕು. ಸಂರಕ್ಷಿತ ಸ್ಮಾರಕಗಳ ಬಳಿ ಯಂತ್ರ ಹೊರತೆಗೆಯಲೇಬಾರದು.

ಕಾನೂನು ದೇಶದಿಂದ ದೇಶಕ್ಕೆ ಬಹಳ ಬೇರೆ. ಐರ್ಲೆಂಡಿನಲ್ಲಿ ಪುರಾತನ ವಸ್ತುಗಳಿಗಾಗಿ ಪರವಾನಗಿಯಿಲ್ಲದೆ ಡಿಟೆಕ್ಟರ್ ಬಳಸಿ ಹುಡುಕುವುದೇ ಅಪರಾಧ. ಅಮೆರಿಕದ 1979ರ ಪುರಾತತ್ತ್ವ ಸಂಪನ್ಮೂಲ ರಕ್ಷಣಾ ಕಾಯ್ದೆ ಒಕ್ಕೂಟ ಸರ್ಕಾರದ ಭೂಮಿಯಲ್ಲಿರುವ, ನೂರು ವರ್ಷ ದಾಟಿದ ಪುರಾತತ್ತ್ವ ವಸ್ತುಗಳನ್ನು ಅನುಮತಿಯಿಲ್ಲದೆ ತೆಗೆಯುವುದನ್ನು ನಿಷೇಧಿಸುತ್ತದೆ. ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯ್ದೆಯ ಪ್ರಕಾರ ನಿಧಿ ಎನಿಸುವ ವಸ್ತು ಸಿಕ್ಕರೆ 14 ದಿನಗಳೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ನೀವಿರುವ ಕಡೆಯ ನಿಯಮವನ್ನು ಮೊದಲು ಓದಿ, ಆಮೇಲೆ ಬ್ಯಾಟರಿ ಕೊಳ್ಳಿ. ದಂಡ ಕಟ್ಟುವುದಕ್ಕಿಂತ ದುಬಾರಿಯಾದ ಹವ್ಯಾಸ ಇಲ್ಲ.

ಬೆಲೆಬಾಳುವಂಥದ್ದು ಸಿಕ್ಕಾಗ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಇಂಗ್ಲೆಂಡಿನ ಸಫೊಕ್ ಪ್ರಾಂತದ ಹಾಕ್ಸ್ನ್ ಎಂಬ ಹಳ್ಳಿಯಲ್ಲಿ 1992ರ ನವೆಂಬರಿನಲ್ಲಿ ನಡೆದದ್ದನ್ನು ನೋಡಿ. ರೈತರೊಬ್ಬರು ಹೊಲದಲ್ಲಿ ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಿಕೊಡಲು ಎರಿಕ್ ಲಾಸ್ ಎಂಬುವರು ಡಿಟೆಕ್ಟರ್ ತಂದರು. ಸಿಕ್ಕಿದ್ದು ರೋಮನ್ ಕಾಲದ ಚಿನ್ನ, ಬೆಳ್ಳಿಗಳ ರಾಶಿ. ನಾಣ್ಯಗಳೇ ಸುಮಾರು 15,000. ಅವರು ಎಲ್ಲವನ್ನೂ ಬಾಚಿಕೊಳ್ಳದೆ ಅಗೆತ ನಿಲ್ಲಿಸಿ ವಿಷಯ ತಿಳಿಸಿದ್ದರಿಂದ ಪುರಾತತ್ತ್ವಜ್ಞರು ಬಂದು ಉಳಿದದ್ದನ್ನು ಇದ್ದ ಹಾಗೆಯೇ ತೆಗೆದರು, ಮರದ ಪೆಟ್ಟಿಗೆಯೊಳಗೆ ಯಾವ ವಸ್ತು ಯಾವುದರ ಪಕ್ಕದಲ್ಲಿತ್ತು ಎಂಬುದೂ ಇದರಿಂದ ತಿಳಿಯಿತು. ಲಾಸ್ ಅವರಿಗೆ ಬಹುಮಾನವಾಗಿ ಬಂದದ್ದು 17.5 ಲಕ್ಷ ಪೌಂಡು, ಅದನ್ನು ಅವರು ಆ ರೈತರೊಂದಿಗೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಒಳ್ಳೆಯ ಜಾಗ ಹುಡುಕುವುದಕ್ಕೆ ಖರ್ಚಿಲ್ಲ. ಹಳೆಯ ನಕ್ಷೆಯನ್ನೂ ಇಂದಿನ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು, ಅಂದು ಇದ್ದು ಇಂದು ಇಲ್ಲವಾದ ಕಾಲುದಾರಿ, ದೋಣಿ ಕಟ್ಟುವ ಕಡವು, ಸಂತೆಯ ಬಯಲುಗಳನ್ನು ಗುರುತಿಸಿ. ಜನ ಕುಳಿತೇಳುವ ಜಾಗದಲ್ಲಿ ಜೇಬಿನಿಂದ ನಾಣ್ಯ ಜಾರುತ್ತದೆ. ಹಾಗಾಗಿ ಬಯಲಿನ ನಡುವಿಗಿಂತ ಅಂಚಿನ ಹಳೆಯ ಮರದ ಬುಡವೇ ಹೆಚ್ಚು ಕೊಡುತ್ತದೆ. ಕಡಲತೀರದಲ್ಲಿ ಬಿರುಗಾಳಿ ಕಳೆದ ಮರುದಿನ, ಅಲೆಗಳು ಮೇಲ್ಪದರದ ಮರಳನ್ನು ಕಿತ್ತೊಯ್ದ ಕಡೆ ಹುಡುಕಿ. ಹುಲ್ಲುನೆಲದಲ್ಲಿ ಅಗೆಯುವಾಗ ಲಾಳದ ಆಕಾರದಲ್ಲಿ ಮೂರು ಬದಿ ಮಾತ್ರ ಕತ್ತರಿಸಿ, ನಾಲ್ಕನೆಯ ಬದಿಯ ಬೇರುಗಳು ಹಿಡಿದುಕೊಂಡಿರುವಂತೆಯೇ ಹುಲ್ಲಿನ ಹೆಂಟೆಯನ್ನು ಮಗುಚಿ, ಮಣ್ಣನ್ನು ಬಟ್ಟೆಯ ಮೇಲೆ ಸುರಿದುಕೊಳ್ಳಿ. ಮುಗಿದ ಮೇಲೆ ಬಟ್ಟೆಯನ್ನೆತ್ತಿ ಮಣ್ಣನ್ನೆಲ್ಲ ಗುಂಡಿಗೆ ಹೊಯ್ದು ಹೆಂಟೆಯನ್ನು ಮುಚ್ಚಿ ತುಳಿದರೆ ಅಗೆದ ಗುರುತೇ ಉಳಿಯುವುದಿಲ್ಲ. ಒಂದು ಗುಂಡಿ ತೆರೆದು ಬಿಟ್ಟುಹೋದವರಿಂದ ಹತ್ತು ಜನರಿಗೆ ಅನುಮತಿ ತಪ್ಪುತ್ತದೆ.

ಯುದ್ಧ ನಡೆದ ಅಥವಾ ಸೇನೆಯ ಅಭ್ಯಾಸಕ್ಕೆ ಬಳಕೆಯಾದ ನೆಲದಲ್ಲಿ ಸಿಲಿಂಡರಿನಾಕಾರದ, ಬಾಲದ ರೆಕ್ಕೆಗಳುಳ್ಳ ಯಾವುದೇ ವಸ್ತು ಕಂಡರೆ ಮುಟ್ಟಬೇಡಿ, ತುಕ್ಕು ಎಷ್ಟೇ ಹಿಡಿದಿರಲಿ. ಜಾಗವನ್ನು ಗುರುತಿಟ್ಟು ದೂರ ಸರಿದು ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ಹತ್ತಾರು ಮೀಟರ್ ಆಳದ, ಕಿಲೋಮೀಟರ್ ದೂರದ ಚಿನ್ನವನ್ನು ತೋರಿಸುತ್ತದೆಂದು ಹೇಳಲಾಗುವ, ಮುಂದೆ ಕಡ್ಡಿಯೊಂದು ತಿರುಗುವ ಉಪಕರಣವನ್ನು ಕೊಳ್ಳಬಹುದೇ?

ಉತ್ತರ: ಕೊಳ್ಳಬಾರದು. ಮೇಲೆ ಹೇಳಿದ 64ರಲ್ಲಿ ಒಂದು ಪಾಲಿನ ಲೆಕ್ಕ ಬಲ್ಲವರಿಗೆ ಇದು ಸಾಧ್ಯವಿಲ್ಲವೆಂದು ತಿಳಿಯುತ್ತದೆ. ಗಾಲ್ಫ್ ಚೆಂಡು ಹುಡುಕುವುದೆಂದು ಮಾರಲಾಗುತ್ತಿದ್ದ ಆಟಿಕೆಯನ್ನೇ ತುಸು ಬದಲಿಸಿ ಎಡಿಇ 651 ಎಂಬ ಹೆಸರಿನಲ್ಲಿ ಬಾಂಬು ಪತ್ತೆಯ ಉಪಕರಣವೆಂದು ಇರಾಕಿಗೆ ಮಾರಿದ್ದವರಿಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ 10 ವರ್ಷಗಳ ಸೆರೆವಾಸ ವಿಧಿಸಿತು. ಅದರಲ್ಲಿಯೂ ಹಿಡಿಯೊಂದಕ್ಕೆ ಸಿಕ್ಕಿಸಿದ ಕಡ್ಡಿ ತಿರುಗುತ್ತಿತ್ತು, ಒಳಗೆ ಕೆಲಸ ಮಾಡುವಂಥದ್ದು ಏನೂ ಇರಲಿಲ್ಲ.

ಪ್ರಶ್ನೆ: ಸಿಕ್ಕ ನಾಣ್ಯಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಥಳಥಳಿಸುತ್ತಿವೆ. ಆದರೆ ಸಂಗ್ರಾಹಕರೊಬ್ಬರು ನೋಡಿ ತಲೆ ಅಲ್ಲಾಡಿಸಿದರು. ಏಕೆ?

ಉತ್ತರ: ಹಳೆಯ ತಾಮ್ರದ ಮೇಲೆ ಕಾಲಾಂತರದಲ್ಲಿ ಕೂರುವ ಗಟ್ಟಿಯಾದ ಕಂದು ಅಥವಾ ಹಸಿರು ಪದರವೇ ಅಕ್ಷರಗಳ ಅಂಚನ್ನು ಕಾಪಾಡಿರುತ್ತದೆ, ಎಷ್ಟೋ ನಾಣ್ಯಗಳಲ್ಲಿ ಅಚ್ಚಿನ ವಿವರ ಉಳಿದಿರುವುದು ಆ ಪದರದಲ್ಲಿಯೇ. ಹುಳಿ ಅದನ್ನು ಕರಗಿಸುತ್ತದೆ, ತಿಕ್ಕುವುದು ಗೀರು ಎಳೆಯುತ್ತದೆ, ಎರಡೂ ಸೇರಿ ಸಂಗ್ರಾಹಕರ ದೃಷ್ಟಿಯಲ್ಲಿ ನಾಣ್ಯದ ಬೆಲೆಯನ್ನು ಕೆಳಗಿಳಿಸುತ್ತವೆ. ಇನ್ನು ಮುಂದೆ ಹೊಲದಲ್ಲಿ ಸಿಕ್ಕ ನಾಣ್ಯವನ್ನು ಹೆಬ್ಬೆರಳಿನಿಂದ ಒರೆಸಿ ಇಸವಿ ಓದಲು ಹೋಗಬೇಡಿ, ಮಣ್ಣಿನಲ್ಲಿರುವ ಮರಳೇ ಅದಕ್ಕೆ ಉಜ್ಜುಗಲ್ಲಾಗುತ್ತದೆ. ಒಂದೊಂದನ್ನೂ ಬೇರೆ ಬೇರೆ ಪೊಟ್ಟಣದಲ್ಲಿಟ್ಟು ಮನೆಗೆ ತಂದು, ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ, ನೀರನ್ನು ಆಗಾಗ ಬದಲಿಸುತ್ತ, ಮಣ್ಣು ತಾನಾಗಿ ಬಿಡುವವರೆಗೆ ಕಾಯಿರಿ. ಚಿನ್ನಕ್ಕಾದರೆ ಅಷ್ಟು ಹೊತ್ತೂ ಬೇಡ, ಅದಕ್ಕೆ ಕಿಲುಬು ಹಿಡಿಯುವುದಿಲ್ಲ. ಬಹಳ ಹಳೆಯದೆಂದು ಅನುಮಾನ ಬಂದ ವಸ್ತುವನ್ನು ನೀರಿಗೂ ಹಾಕದೆ, ಅಂಟಿದ ಮಣ್ಣಿನೊಡನೆಯೇ ವಸ್ತುಸಂಗ್ರಹಾಲಯಕ್ಕೆ ತೋರಿಸಿ. ಈಗಾಗಲೇ ತಿಕ್ಕಿರುವುದನ್ನು ಸರಿಪಡಿಸಲು ಇನ್ನೇನನ್ನೂ ಹಚ್ಚಬೇಡಿ, ಒಣ ಕಾಗದದಲ್ಲಿ ಸುತ್ತಿ ಹಾಗೆಯೇ ಇಡಿ.